ಗೂಬೆ ಕೂರಿಸಿದ್ದು ಡಿಸ್ಕ್ ಮೇಲೆ, ಕೆಟ್ಟಿದ್ದು ರ‍್ಯಾಮು

ಮೊದಲು ಕೈಕೊಟ್ಟಿದ್ದು ಒಂದು ಜಿಪ್ ಫೈಲು. ಎಕ್ಸ್‌ಟ್ರಾಕ್ಟ್ ಮಾಡೋಕೆ ಹೋದ್ರೆ ಸಿಆರ್‌ಸಿ ಎರರ್ (ಒಳಗಿನ ಡೇಟಾ ತಾಳೆ ಆಗ್ತಿಲ್ಲ ಅನ್ನೋ ದೂರು), ಡೌನ್‌ಲೋಡ್ ಅರ್ಧಂಬರ್ಧ ಆಗಿರ್ಬೇಕು ಅಂತ ಮತ್ತೆ ಇಳಿಸ್ಕೊಂಡ್ರೆ ಅದೂ ಅದೇ ಕಥೆ. ಆಮೇಲೆ ಹಳೇ ಫೋಟೋ ಫೋಲ್ಡರ್ ತೆಗೆದಾಗ ಕೆಲವು ಫೋಟೋ ಮೇಲರ್ಧ ಚೆನ್ನಾಗಿವೆ, ಕೆಳಗೆ ಪೂರ್ತಿ ಬೂದು ಬಣ್ಣ. ಜೆಪೆಗ್ ಹಣೆಬರಹನೇ ಅಷ್ಟು, ನಡುವೆ ಒಂದೇ ಒಂದು ಬಿಟ್ ತಪ್ಪಿದ್ರೂ ಅಲ್ಲಿಂದ ಮುಂದಿನದನ್ನ ಬಿಡಿಸೋ ಲೆಕ್ಕನೇ ಹಳಿ ತಪ್ಪಬಹುದು. ಮರುದಿನ ಲ್ಯಾಪ್‌ಟಾಪ್ ಆನ್ ಮಾಡಿದ್ರೆ 'ಸ್ಕ್ಯಾನಿಂಗ್ ಅಂಡ್ ರಿಪೇರಿಂಗ್ ಡ್ರೈವ್' ಅಂತ ತಾನಾಗೇ ಶುರು ಹಚ್ಕೊಂಡಿತ್ತು.

ಫ್ರೆಂಡ್‌ಗೆ ಫೋನ್ ಮಾಡಿದೆ. "ಡಿಸ್ಕ್ ಢಮಾರ್ ಕಣೋ, ಚೆಕ್‌ಡಿಸ್ಕ್ ಸ್ಲ್ಯಾಶ್ ಆರ್ ಹೊಡಿ" ಅಂದ. ಡಿಸ್ಕ್ ತಪಾಸಣೆ ಮಾಡಿ ರಿಪೇರಿ ಮಾಡೋ ವಿಂಡೋಸ್ ಕಮಾಂಡ್ ಅದು. ಎಲ್ರೂ ಕೊಡೋ ಸಲಹೆ ಇದು, ನನಗಂತೂ ಇದು ಕೇಳಿದ್ರೇನೇ ಭಯ. ಯಾಕಂದ್ರೆ ಚೆಕ್‌ಡಿಸ್ಕ್ ಸರಿ ಮಾಡೋದು ಫೈಲ್ ಸಿಸ್ಟಮ್‌ನ, ಅಂದ್ರೆ ಯಾವ ಫೈಲ್ ಎಲ್ಲಿದೆ ಅನ್ನೋ ಲೆಕ್ಕದ ಪುಸ್ತಕನ, ಒಳಗಿರೋ ನಿಮ್ಮ ಫೋಟೋನ ಅಲ್ಲ. ಯಾವ ಫೈಲಿಗೂ ಸೇರದ ಚೂರುಗಳು ಸಿಕ್ರೆ ಫೌಂಡ್.000 ಅನ್ನೋ ಫೋಲ್ಡರಿಗೆ ಎಸೆದು ಕೈ ತೊಳ್ಕೊಳ್ಳತ್ತೆ. ನಿಜವಾಗ್ಲೂ ಸಾಯ್ತಾ ಇರೋ ಹಾರ್ಡ್‌ಡಿಸ್ಕ್ ಆದ್ರೆ ಒಂದೊಂದು ಸೆಕ್ಟರನ್ನೂ (ಡಿಸ್ಕಿನ ಪುಟ್ಟ ಪುಟ್ಟ ಖಾನೆ) ಬಲವಂತವಾಗಿ ಓದಿಸಿ ಇರೋ ಜೀವನೂ ತೆಗೀಬಹುದು. ಮೊದಲು ಕಾಪಿ, ಆಮೇಲೆ ರಿಪೇರಿ.

ಕಾಪಿಗೂ ಮುಂಚೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಸಾಫ್ಟ್‌ವೇರ್ ಹಾಕಿ ಸ್ಮಾರ್ಟ್, ಅಂದ್ರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಕೊಳ್ಳೋ ವರದಿ, ನೋಡಿದೆ. ಅದರಲ್ಲಿ ಉದ್ದ ಪಟ್ಟಿನೇ ಬರತ್ತೆ, ನಾನು ನೋಡೋದು ನಾಲ್ಕೇ: 05 ಅಂದ್ರೆ ಕೆಟ್ಟು ಬದಲಿ ಜಾಗಕ್ಕೆ ಹಾಕಿರೋ ಸೆಕ್ಟರ್, ಸಿ5 ಅಂದ್ರೆ ಅನುಮಾನದಲ್ಲಿರೋದು, ಸಿ6 ಓದೋಕೇ ಆಗದ್ದು, ಸಿ7 ಬಂದ್ರೆ ಸಾಮಾನ್ಯವಾಗಿ ಕೇಬಲ್ ಕಡೆ ತೊಂದ್ರೆ. ನಾಲ್ಕೂ ಸೊನ್ನೆ. ಸರ್ವಿಸ್ ಸೆಂಟರ್‌ನವರು ಫೋನಲ್ಲೇ "ಡಿಸ್ಕ್ ಹೋಗಿದೆ ಸರ್, ಚೇಂಜ್ ಮಾಡ್ಬೇಕು" ಅಂದ್ರು, ಲ್ಯಾಪ್‌ಟಾಪ್ ಮುಖನೂ ನೋಡದೆ. ಸ್ಮಾರ್ಟ್ ಚೆನ್ನಾಗಿದ್ದೂ ಡಿಸ್ಕ್ ಕೈಕೊಡೋದು ಉಂಟು, ಇಲ್ಲ ಅನ್ನಲ್ಲ, ಆದ್ರೂ ಮನಸ್ಸು ಒಪ್ಪಲಿಲ್ಲ.

ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿ ಒಂದು ದೊಡ್ಡ ವಿಡಿಯೋಗೆ ಸರ್ಟ್‌ಯುಟಿಲ್ ಅನ್ನೋ ವಿಂಡೋಸ್ ಕಮಾಂಡ್‌ನಲ್ಲಿ ಹ್ಯಾಶ್ ತೆಗೆದೆ. ಹ್ಯಾಶ್ ಅಂದ್ರೆ ಫೈಲಿನ ಬೆರಳಚ್ಚು ಇದ್ದಂಗೆ, ಒಳಗೆ ಒಂದು ಬಿಟ್ ಬದಲಾದ್ರೂ ಅದು ಬದಲಾಗತ್ತೆ. ಮೂಲಕ್ಕೂ ಕಾಪಿಗೂ ತಾಳೆ ಇಲ್ಲ. ರೀಸ್ಟಾರ್ಟ್ ಮಾಡಿ ಮೂಲದ ಫೈಲಿಗೇ ಮತ್ತೆ ತೆಗೆದ್ರೆ ಈ ಸಲ ಬೇರೆನೇ ಹ್ಯಾಶ್! ಮುಟ್ಟದೇ ಇರೋ ಫೈಲು ಅದು. ಡಿಸ್ಕಿಗೆ ಒಂದು ಸೆಕ್ಟರ್ ಓದೋಕೆ ಆಗ್ಲಿಲ್ಲ ಅಂದ್ರೆ ಸಾಮಾನ್ಯವಾಗಿ ಎರರ್ ಕೊಡತ್ತೆ, ಹೀಗೆ ಸುಮ್ಮನೆ ಸುಳ್ಳು ಹೇಳೋದು ಅಪರೂಪ.

ಎಫ್‌ಸಿ ಸ್ಲ್ಯಾಶ್ ಬಿ ಅನ್ನೋ ಕಮಾಂಡ್ ಹಾಕಿ ಎರಡೂ ಫೈಲ್ ಬೈಟ್‌ಗೆ ಬೈಟ್ ಹೋಲಿಸಿದೆ. ಪರದೆ ಮೇಲೆ ಬಂದ ಸಾಲುಗಳಲ್ಲಿ 41 ಇರಬೇಕಾದ ಕಡೆ 61, ಕೆಳಗೆ 13ಕ್ಕೆ 33, ಇನ್ನೊಂದು ಕಡೆ 52ಕ್ಕೆ 72. ಹೆಕ್ಸ್ ಲೆಕ್ಕದಲ್ಲಿ (ಹದಿನಾರರ ಎಣಿಕೆ) ಎಲ್ಲಾ ಕಡೆ 20ರದ್ದೇ ವ್ಯತ್ಯಾಸ, ಅಂದ್ರೆ ಒಂದು ಬೈಟ್‌ನ ಎಂಟು ಬಿಟ್‌ಗಳಲ್ಲಿ ಪ್ರತಿ ಸಲ ಅದೇ ಜಾಗದ ಒಂದು ಬಿಟ್ಟು ಸೊನ್ನೆ ಇರೋ ಬದಲು ಒಂದಾಗಿ ಕೂತಿದೆ. ಕೆಟ್ಟ ಸೆಕ್ಟರ್ ಇಷ್ಟು ನಾಜೂಕಾಗಿ ಕೆಲಸ ಮಾಡಲ್ಲ. ಡಿಸ್ಕಿಂದ ಓದಿದ್ದೆಲ್ಲ ರ‍್ಯಾಮ್, ಅಂದ್ರೆ ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿ, ಹಾದೇ ಬರೋದು, ಅನುಮಾನ ಅದರ ಮೇಲೆ ಹೋಯ್ತು.

ಪೆನ್‌ಡ್ರೈವಿಂದ ರ‍್ಯಾಮ್ ಪರೀಕ್ಷೆ ಮಾಡೋ ಮೆಮ್‌ಟೆಸ್ಟ್86 ಬೂಟ್ ಮಾಡಿ ಬಿಟ್ಟೆ, ಟೀ ಕುಡಿದು ಬರೋಷ್ಟರಲ್ಲಿ ಪರದೆ ತುಂಬ ಕೆಂಪು ಸಾಲು. ಹಿಂದಿನ ಮುಚ್ಚಳ ಬಿಚ್ಚಿ ಎರಡು ರ‍್ಯಾಮ್ ಸ್ಟಿಕ್‌ನಲ್ಲಿ ಒಂದನ್ನ ತೆಗೆದು ಓಡಿಸಿದೆ, ಮತ್ತೆ ಕೆಂಪು. ಇದನ್ನ ತೆಗೆದು ಅದನ್ನ ಅದೇ ಸ್ಲಾಟಿಗೆ ಹಾಕಿದೆ, ಕ್ಲೀನ್. ಸರ್ವರ್‌ಗಳಲ್ಲಿ ಒಂದು ಬಿಟ್ ತಿರುಗಿದ್ರೆ ಸರಿ ಮಾಡ್ಕೊಳ್ಳೋ ಇಸಿಸಿ ಮೆಮೊರಿ ಇರತ್ತೆ, ನಮ್ಮಂಥವರ ಲ್ಯಾಪ್‌ಟಾಪಲ್ಲಿ ಸಾಮಾನ್ಯವಾಗಿ ಆ ಭಾಗ್ಯ ಇಲ್ಲ.

ಆ ಕೆಟ್ಟ ಸ್ಟಿಕ್ ಇಟ್ಕೊಂಡು ಚೆಕ್‌ಡಿಸ್ಕ್ ಸ್ಲ್ಯಾಶ್ ಆರ್ ಹೊಡೆದಿದ್ರೆ ಅದು ತಪ್ಪಾಗಿ ಓದಿ, ಸರಿ ಇರೋದನ್ನೇ 'ರಿಪೇರಿ' ಮಾಡಿ ಡಿಸ್ಕಿಗೆ ಬರೆದುಬಿಡಬಹುದಿತ್ತು. ಬೂಟ್ ಆಗುವಾಗ ತಾನಾಗೇ ನಡೆದಿದ್ದು ಎಷ್ಟು ಹಾಳು ಮಾಡ್ತೋ ದೇವರೇ ಬಲ್ಲ.

ಒಂದೇ ಸ್ಟಿಕ್‌ನಲ್ಲಿ ಆನ್ ಮಾಡಿದ್ಮೇಲೆ ವಿಡಿಯೋ ಹ್ಯಾಶ್ ಎಷ್ಟು ಸಲ ತೆಗೆದ್ರೂ ಒಂದೇ. ಓದುವಾಗ ಮಾತ್ರ ಕೆಟ್ಟಂಗೆ ಕಂಡಿದ್ದ ಫೋಟೋಗಳು ಪೂರ್ತಿ ತೆರೆದ್ಕೊಂಡ್ವು, ಡಿಸ್ಕಿಗೆ ಬರೆಯುವಾಗಲೇ ಕೆಟ್ಟಿದ್ದವು ಹಾಗೇ ಬೂದು, ಅವಕ್ಕೆ ಹಳೇ ಬ್ಯಾಕಪ್ಪೇ ಗತಿ. ಎಸ್‌ಎಫ್‌ಸಿ ಸ್ಕ್ಯಾನ್‌ನೌ ಅನ್ನೋ ಕಮಾಂಡ್ ವಿಂಡೋಸ್‌ನ ಕೆಲವು ಸಿಸ್ಟಮ್ ಫೈಲ್ ಸರಿ ಮಾಡ್ತು. ಎಕ್ಸ್‌ಟರ್ನಲ್‌ಗೆ ಮಾಡಿದ್ದ ಕಾಪಿ ಅಷ್ಟೂ ಅಳಿಸಿ ಮತ್ತೆ ಮಾಡಿದೆ, ಈ ಸಲ ಪ್ರತಿ ಫೈಲಿನ ಹ್ಯಾಶೂ ತಾಳೆ ಹಾಕಿ.