ಡೊನಾಲ್ಡ್‌ನ ಕೋಪ, ಡ್ಯಾಫಿಯ ಬಾಯಿ

ಅಮೆರಿಕದ ಹಳೆಯ ಕಾರ್ಟೂನ್ ಚಿತ್ರಗಳಲ್ಲಿ ಇಲಿ ಗೆಲ್ಲುತ್ತದೆ, ಮೊಲವೂ ಗೆಲ್ಲುತ್ತದೆ, ಬಾತುಕೋಳಿಗೆ ಮಾತ್ರ ಸೋಲೇ ಗತಿ. ಡಿಸ್ನಿಯ ಡೊನಾಲ್ಡ್ ಡಕ್ ಮತ್ತು ವಾರ್ನರ್ ಬ್ರದರ್ಸ್‌ನ ಡ್ಯಾಫಿ ಡಕ್ ಮೂರು ವರ್ಷಗಳ ಅಂತರದಲ್ಲಿ ಎರಡು ಬೇರೆ ಸ್ಟುಡಿಯೋಗಳಲ್ಲಿ ಹುಟ್ಟಿದವರು. ಆದರೂ ಕೊನೆಗೆ ಇಬ್ಬರ ಹಣೆಯಲ್ಲೂ ಬರೆದದ್ದು ಒಂದೇ ಆಯಿತು. ಆ ಸೋಲನ್ನು ಅವರು ಎದುರಿಸುವ ರೀತಿ ಮಾತ್ರ ಪೂರ್ತಿ ಬೇರೆ. ಒಬ್ಬನು ಮೈಯೆಲ್ಲ ಕೋಪವಾಗಿ ಕುಣಿಯುತ್ತಾನೆ, ಇನ್ನೊಬ್ಬನು ವಾದಕ್ಕೆ ನಿಲ್ಲುತ್ತಾನೆ.

ಡೊನಾಲ್ಡ್ ಮೊದಲು ಕಾಣಿಸಿಕೊಂಡದ್ದು 1934ರ ಜೂನ್ 9ರಂದು ಬಿಡುಗಡೆಯಾದ 'ದ ವೈಸ್ ಲಿಟಲ್ ಹೆನ್' ಎಂಬ ಕಿರುಚಿತ್ರದಲ್ಲಿ. ಮೆಕ್ಕೆಜೋಳ ಬಿತ್ತಲು ನೆರವು ಕೇಳಿಕೊಂಡು ಬಂದ ಹೇಂಟೆಗೆ ಹೊಟ್ಟೆನೋವಿನ ನೆಪ ಹೇಳಿ ಜಾರಿಕೊಳ್ಳುವ ಸೋಮಾರಿ ಅವನು. ಕೊನೆಗೆ ಊಟದ ಬದಲು ಅವನಿಗೆ ಸಿಗುವುದು ಹರಳೆಣ್ಣೆ. ಉದ್ದ ಕೊಕ್ಕಿನ, ತೆಳು ಕತ್ತಿನ ಈ ಬಾತು ಅಷ್ಟಕ್ಕೇ ಮುಗಿದುಹೋಗಬಹುದಾಗಿತ್ತು. ಅದೇ ವರ್ಷ ಬಂದ 'ಆರ್ಫನ್ಸ್ ಬೆನಿಫಿಟ್' ಅವನನ್ನು ಉಳಿಸಿತು. ಅದರಲ್ಲಿ ಅನಾಥ ಮಕ್ಕಳೆದುರು ಪದ್ಯ ಹೇಳಲು ವೇದಿಕೆ ಹತ್ತುವ ಡೊನಾಲ್ಡ್‌ನನ್ನು ಮಕ್ಕಳು ಗೇಲಿ ಮಾಡುತ್ತಾರೆ; ಅವನು ಒಂದು ಕೈಯನ್ನು ಮುಂದೆ ಚಾಚಿ, ಇನ್ನೊಂದರ ಮುಷ್ಟಿಯನ್ನು ಬೀಸುತ್ತ, ಒಂದೇ ಕಾಲಿನ ಮೇಲೆ ಕುಪ್ಪಳಿಸುತ್ತ ಸಭೆಯನ್ನೆಲ್ಲ ಜಗಳಕ್ಕೆ ಕರೆಯುತ್ತಾನೆ. ಈ ಭಂಗಿಯನ್ನು ರೂಪಿಸಿದವರು ಅನಿಮೇಟರ್ ಡಿಕ್ ಲಂಡಿ. ನನ್ನ ಮಟ್ಟಿಗೆ ಡೊನಾಲ್ಡ್ ಹುಟ್ಟಿದ್ದು ಜೂನ್‌ನಲ್ಲಲ್ಲ, ಈ ಕುಪ್ಪಳಿಕೆಯಲ್ಲಿ.

ಡಿಸ್ನಿಗೂ ಇಂಥವನೊಬ್ಬ ಬೇಕಾಗಿದ್ದನು. ಅಷ್ಟು ಹೊತ್ತಿಗೆ ಮಿಕ್ಕಿ ಮೌಸ್ ಮಕ್ಕಳಿಗೆ ಮೇಲ್ಪಂಕ್ತಿಯಾಗಿಬಿಟ್ಟಿದ್ದನು. ಅವನು ಸಿಟ್ಟಾಗುವಂತಿರಲಿಲ್ಲ, ಮೋಸ ಮಾಡುವಂತಿರಲಿಲ್ಲ, ಹಾಗಾಗಿ ಅವನನ್ನಿಟ್ಟುಕೊಂಡು ನಗಿಸುವುದೂ ಕಷ್ಟವಾಗಿತ್ತು. 1935ರ 'ದ ಬ್ಯಾಂಡ್ ಕಾನ್ಸರ್ಟ್' ಈ ಬದಲಾವಣೆಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಮಿಕ್ಕಿ ಗಂಭೀರವಾಗಿ ರೋಸಿನಿಯ 'ವಿಲಿಯಂ ಟೆಲ್' ಸಂಗೀತವನ್ನು ನಡೆಸುತ್ತಿರುವಾಗ, ಐಸ್‌ಕ್ರೀಮ್ ಮಾರಲು ಬಂದ ಡೊನಾಲ್ಡ್ ನಡುವೆ ಬೇರೊಂದು ಹಳ್ಳಿಹಾಡನ್ನು ಕೊಳಲಿನಲ್ಲಿ ಊದತೊಡಗುತ್ತಾನೆ. ಒಂದು ಕೊಳಲನ್ನು ಮುರಿದರೆ ಇನ್ನೊಂದನ್ನು ಎಲ್ಲಿಂದಲೋ ಹೊರತೆಗೆಯುತ್ತಾನೆ. ಚಿತ್ರದ ನಾಯಕ ಇಲಿಯೇ ಆದರೂ ನಮ್ಮ ಕಣ್ಣು ಬಾತನ್ನು ಬಿಟ್ಟು ಕದಲುವುದಿಲ್ಲ.

ಆ ಧ್ವನಿಯ ವಿಷಯವನ್ನೂ ಹೇಳಲೇಬೇಕು. 1934ರಿಂದ 1983ರವರೆಗೆ ಚಿತ್ರಗಳಲ್ಲಿ ಡೊನಾಲ್ಡ್‌ಗೆ ಧ್ವನಿಯಾದವರು ಕ್ಲಾರೆನ್ಸ್ ನ್ಯಾಶ್. ಗಂಟಲಿನ ಧ್ವನಿತಂತುಗಳನ್ನು ಬಳಸದೆ, ಕೆನ್ನೆ ಮತ್ತು ಹಲ್ಲುಗಳ ನಡುವೆ ಗಾಳಿಯನ್ನು ಹಿಡಿದು ಅದುಮಿ ಹೊರಡಿಸುವ ಮಾತು ಅದು. ಮಾತು ಅರ್ಧಕ್ಕರ್ಧ ತಿಳಿಯುವುದಿಲ್ಲ. ತಿಳಿಯದಿರುವುದೇ ಅದರ ಬಲ, ಏಕೆಂದರೆ ನ್ಯಾಯ ತನ್ನ ಕಡೆಗಿದ್ದರೂ ಅದನ್ನು ಬಾಯಿಬಿಟ್ಟು ವಿವರಿಸಲಾಗದವನ ಸಂಕಟ ಅದರಲ್ಲಿ ಕೇಳಿಸುತ್ತದೆ. ಇಲ್ಲಿ ಒಂದು ತಮಾಷೆಯೂ ಇದೆ: ಸಾಮಾನ್ಯ ಸಾಕುಬಾತುಗಳಲ್ಲಿ 'ಕ್ವಾಕ್ ಕ್ವಾಕ್' ಎಂದು ಜೋರಾಗಿ ಕೂಗುವುದು ಹೆಣ್ಣು, ಗಂಡಿನದು ಕೀರಲಾದ, ಒಡಕು ದನಿ. ಹಾಗಾಗಿ ನ್ಯಾಶ್ ಅವರ ಒಡಕು ದನಿ ಬೇಕೆಂದೋ ಬೇಡವೆಂದೋ ನಿಜವಾದ ಗಂಡುಬಾತಿಗೆ ಹತ್ತಿರ ಬಂದಿದೆ.

ನಮ್ಮಲ್ಲಿ 1990ರ ದಶಕದಲ್ಲಿ ಬೆಳೆದವರಿಗೆ ಈ ಬಾತುಗಳ ಬಳಗ ಪರಿಚಯವಾದದ್ದು ಚಿತ್ರಮಂದಿರದಲ್ಲಲ್ಲ, ದೂರದರ್ಶನದಲ್ಲಿ ಹಿಂದಿಯಲ್ಲಿ ಬರುತ್ತಿದ್ದ 'ಡಕ್‌ಟೇಲ್ಸ್' ಧಾರಾವಾಹಿಯಿಂದ. ಅದರ ಕೇಂದ್ರದಲ್ಲಿದ್ದವನು ಡೊನಾಲ್ಡ್ ಅಲ್ಲ, 1947ರಲ್ಲಿ ಕಾರ್ಲ್ ಬಾರ್ಕ್ಸ್ ಕಾಮಿಕ್ಸ್‌ಗಾಗಿ ಸೃಷ್ಟಿಸಿದ, ಡೊನಾಲ್ಡ್‌ನ ಜಿಪುಣ ಸೋದರಮಾವ ಸ್ಕ್ರೂಜ್. ಹಿಂದಿ ಸರಿಯಾಗಿ ಬಾರದ ನನ್ನಂಥವರೂ ಅದನ್ನು ಬಿಡದೆ ನೋಡಿದೆವು. ಆದರೆ ನಾಣ್ಯದ ರಾಶಿಯಲ್ಲಿ ಈಜಾಡುವ ಸ್ಕ್ರೂಜ್ ಗೆಲ್ಲುವವರ ಸಾಲಿಗೆ ಸೇರಿದವನು. ಅವನ ಮಾತು ಬೇರೆಯೇ.

ಇನ್ನು ಡ್ಯಾಫಿ. 1937ರ 'ಪೋರ್ಕೀಸ್ ಡಕ್ ಹಂಟ್' ಚಿತ್ರದಲ್ಲಿ ಟೆಕ್ಸ್ ಏವರಿ ಅವನನ್ನು ತಂದಾಗ ಅವನು ಬರಿಯ ಹುಚ್ಚು ಬಾತು. ನೀರಿನ ಮೇಲೆ ಲಾಗ ಹಾಕುತ್ತ, ಕೇಕೆ ಹೊಡೆಯುತ್ತ ಬೇಟೆಗಾರನನ್ನೇ ಗೋಳುಹೊಯ್ದುಕೊಳ್ಳುತ್ತಿದ್ದನು. ಅವನನ್ನು ಸೋಲಿಸಲು ಕಲಿತವರು ನಿರ್ದೇಶಕ ಚಕ್ ಜೋನ್ಸ್ ಮತ್ತು ಕತೆಗಾರ ಮೈಕೆಲ್ ಮಾಲ್ಟೀಸ್. 1951ರಿಂದ 1953ರವರೆಗೆ ಅವರು ಮಾಡಿದ ಮೂರು ಬೇಟೆಯ ಚಿತ್ರಗಳಲ್ಲಿ ಮೊಲದ ಬೇಟೆಯ ಕಾಲವೋ ಬಾತಿನ ಬೇಟೆಯ ಕಾಲವೋ ಎಂಬ ಒಂದೇ ವಾದ ನಡೆಯುತ್ತದೆ, ಮತ್ತು ಬಗ್ಸ್ ಬನಿ ಎಂಬ ಮೊಲ ಮಾತನ್ನು ತಿರುಗಿಸಿದ ಕೂಡಲೇ ಗುಂಡು ಡ್ಯಾಫಿಯ ಮುಖಕ್ಕೇ ಬಂದು ಬಡಿಯುತ್ತದೆ. ಕೊಕ್ಕು ತಲೆಯ ಹಿಂಬದಿಗೆ ತಿರುಗಿಕೊಂಡಿರುತ್ತದೆ; ಅವನು ಅದನ್ನು ಕೈಯಿಂದ ಸ್ವಸ್ಥಾನಕ್ಕೆ ತಂದು ಮತ್ತೆ ವಾದಕ್ಕೆ ಇಳಿಯುತ್ತಾನೆ. ತುಟಿಯಿರುವ ಪ್ರಾಣಿಯೊಂದಿಗೆ ಈ ಆಟ ಆಡಲಾಗುವುದಿಲ್ಲ. ಕಳಚಬಲ್ಲ, ತಿರುಚಬಲ್ಲ, ಮತ್ತೆ ಸಿಕ್ಕಿಸಬಲ್ಲ ಬಾಯಿಯನ್ನು ಚಿತ್ರಕಾರನಿಗೆ ಕೊಟ್ಟದ್ದು ಬಾತಿನ ಕೊಕ್ಕು.

ಬಾತುಗಳ ಚಿತ್ರಗಳಲ್ಲಿ ಒಂದನ್ನೇ ಆರಿಸಿಕೊಳ್ಳಬೇಕೆಂದರೆ ನಾನು ಹಿಂದೆಮುಂದೆ ನೋಡದೆ 1953ರ 'ಡಕ್ ಅಮಕ್' ಎನ್ನುತ್ತೇನೆ. ಡ್ಯಾಫಿ ಕತ್ತಿ ಹಿಡಿದ ಸೈನಿಕನಾಗಿ ಬರುತ್ತಾನೆ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಹಿನ್ನೆಲೆಯ ಚಿತ್ರವೇ ಮುಗಿದು ಬಿಳಿ ಹಾಳೆ ಉಳಿಯುತ್ತದೆ. ಅವನು ತಕ್ಕ ವೇಷ ತೊಟ್ಟು ಬಂದಾಗಲೆಲ್ಲ ದೃಶ್ಯ ಬೇರೆಯಾಗಿರುತ್ತದೆ: ಹೊಲ, ಹಿಮ, ಕಡಲತೀರ. ಕಾಣದ ಕೈಯೊಂದು ರಬ್ಬರಿನಿಂದ ಅವನನ್ನೇ ಅಳಿಸುತ್ತದೆ, ಗಿಟಾರಿನ ದನಿಯನ್ನು ಕಿತ್ತುಕೊಂಡು ಮೆಷಿನ್ ಗನ್ನಿನ ಸದ್ದು ಕೊಡುತ್ತದೆ, ಅವನಿಗೆ ಹೂವಿನ ತಲೆಯ ನಾಲ್ಕು ಕಾಲಿನ ಮೈ ಬರೆಯುತ್ತದೆ. ಡ್ಯಾಫಿ ಬೇಡುತ್ತಾನೆ, ಗದರಿಸುತ್ತಾನೆ, ಕರಾರಿನ ಮಾತೆತ್ತುತ್ತಾನೆ, ರಾಜಿಗೂ ಸಿದ್ಧನಾಗುತ್ತಾನೆ; ಮತ್ತೆ ಮೋಸಹೋಗುತ್ತಾನೆ. ಮೈ, ಬಣ್ಣ, ದನಿ, ನೆಲ ಎಲ್ಲವನ್ನೂ ಕಿತ್ತುಕೊಂಡರೂ ಅವನು ಅವನೇ ಆಗಿ ಉಳಿಯುವುದು ಈ ಏಳು ನಿಮಿಷಗಳ ಸಾಧನೆ. ಕೊನೆಗೆ ಪೆನ್ಸಿಲ್ ಹಿಡಿದು ಕೂತಿರುವವನು ಬಗ್ಸ್ ಬನಿ ಎಂದು ತಿಳಿದಾಗ ನಗು ಬರುತ್ತದೆ, ನಿಜ. ಆದರೆ ಆ ಮೊಲವನ್ನು ನಾನು ಇಂದಿಗೂ ಪೂರ್ತಿ ಕ್ಷಮಿಸಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1999ರಲ್ಲಿ ಈ ಚಿತ್ರವನ್ನು ತನ್ನ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿಸಿಕೊಂಡಿತು.

1986ರ 'ಹೋವರ್ಡ್ ದ ಡಕ್' ಬಾತಿನ ವೇಷ ತೊಟ್ಟ ನಟರನ್ನು ನಿಜವಾದ ಮನುಷ್ಯರ ನಡುವೆ ನಿಲ್ಲಿಸಿ ನೆಲಕಚ್ಚಿತು. ಅದರಲ್ಲಿ ಕೊಕ್ಕು ತಿರುಗುವುದಿಲ್ಲ, ಮೈ ಹಿಗ್ಗುವುದಿಲ್ಲ, ಆದ್ದರಿಂದ ಬಾತಿನ ಅವಮಾನ ಬರಿಯ ಅವಮಾನವಾಗಿಯೇ ಉಳಿಯುತ್ತದೆ.

ಎರಡು ವರ್ಷಗಳ ಬಳಿಕ 'ಹೂ ಫ್ರೇಮ್ಡ್ ರಾಜರ್ ರ‍್ಯಾಬಿಟ್' ಚಿತ್ರದಲ್ಲಿ ಡೊನಾಲ್ಡ್ ಮತ್ತು ಡ್ಯಾಫಿ ಒಂದೇ ವೇದಿಕೆಗೆ ಬಂದರು. ಎರಡು ಪಿಯಾನೋಗಳ ಮುಂದೆ ಕೂತು ಸಂಗೀತಗಾರ ಫ್ರಾಂಟ್ಸ್ ಲಿಸ್ಟ್‌ನ ಎರಡನೆಯ ಹಂಗೇರಿಯನ್ ರ‍್ಯಾಪ್ಸಡಿಯನ್ನು ನುಡಿಸುತ್ತ, ಪರಸ್ಪರ ಬಡಿದಾಡಿಕೊಳ್ಳುತ್ತಾರೆ. ಸಾಲದೆಂದು ಡೊನಾಲ್ಡ್ ಫಿರಂಗಿಯನ್ನೇ ಹಾರಿಸುತ್ತಾನೆ. ನ್ಯಾಶ್ ಅಷ್ಟರಲ್ಲಿ ತೀರಿಕೊಂಡಿದ್ದರು. ಅವರಿಂದಲೇ ಕಲಿತ ಟೋನಿ ಆನ್ಸೆಲ್ಮೋ ಡೊನಾಲ್ಡ್‌ಗೆ ದನಿಯಾಗಿದ್ದರು, ಡ್ಯಾಫಿಗೆ ಮೊದಲಿನಂತೆಯೇ ಮೆಲ್ ಬ್ಲಾಂಕ್. ಇಂಥ ಉಚ್ಚಾರದೋಷದವನೊಂದಿಗೆ ಕೆಲಸ ಮಾಡುವುದು ಇದೇ ಕಡೆ ಎಂದು, ಎಂಜಲು ಸಿಡಿಸದೆ ಒಂದು 'ಸ'ಕಾರವನ್ನೂ ನುಡಿಯಲಾಗದ ಡ್ಯಾಫಿ ಅಲ್ಲಿ ಗೊಣಗುತ್ತಾನೆ.