ಕಣ್ಣು ಬರ್ತದಾ?

ಇಲ್ಲ, ಬರುವುದಿಲ್ಲ.

ನಾನು ಉಡುಪಿ ಕಡೆಯ ಆಕ್ಯುಪೇಷನಲ್ ಥೆರಪಿಸ್ಟ್. ದೃಷ್ಟಿ ಕುಂದಿದವರ ಜತೆ ಕೆಲಸ ಎಂದು ಗೊತ್ತಾದ ಕೂಡಲೇ ಮದುವೆ ಊಟದ ಪಂಕ್ತಿಯಲ್ಲಿ, ಮಣಿಪಾಲದ ಬಸ್ಸಿನಲ್ಲಿ, ಎಲ್ಲಿ ಸಿಕ್ಕಿದರೂ ಜನ ಕೇಳುವುದು ಇದನ್ನೇ: "ನಿಮ್ಮ ಥೆರಪಿ ಮಾಡಿದ್ರೆ ಕಣ್ಣು ಬರ್ತದಾ?" ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಯಿಂದ ಸತ್ತ ನರ ಮತ್ತೆ ಚಿಗುರುವುದಿಲ್ಲ. ಪೊರೆ ಬಂದಿದ್ದರೆ ಶಸ್ತ್ರಚಿಕಿತ್ಸೆ ಉಂಟು, ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಔಷಧಿ, ಆಪರೇಷನ್, ಕನ್ನಡಕ ಎಲ್ಲ ಮುಗಿದ ಮೇಲೂ ಉಳಿದ ಮಸುಕಿನಲ್ಲಿ ಅನ್ನ ಬಡಿಸಿಕೊಳ್ಳುವುದು ಹೇಗೆ, ಮಾತ್ರೆ ಗುರುತಿಸುವುದು ಹೇಗೆ, ಬಚ್ಚಲಿಗೆ ಹೋಗಿ ಬರುವುದು ಹೇಗೆ, ನನ್ನ ಕೆಲಸ ಶುರುವಾಗುವುದು ಅಲ್ಲಿಂದ.

ಪ್ರಶ್ನೆಯನ್ನು ಹೇಗೋ ಸಹಿಸಬಹುದು. ಕೇಳುವ ರೀತಿಯನ್ನು ಸಹಿಸಲಾಗುವುದಿಲ್ಲ. "ಇವರಿಗೆ ಕಣ್ಣು ಬರ್ತದಾ?" ಎನ್ನುತ್ತಾರೆ. 'ಇವರು' ಪಕ್ಕದ ಕುರ್ಚಿಯಲ್ಲೇ ಕುಳಿತಿರುತ್ತಾರೆ, ಕಿವಿ ಚುರುಕಾಗಿಯೇ ಇರುತ್ತದೆ. ಒಬ್ಬ ಮಗ ತಾಯಿಯನ್ನು ಕರೆತಂದವರು ಬಾಗಿಲಲ್ಲೇ ಘೋಷಿಸಿಬಿಟ್ಟರು, "ಅಮ್ಮನಿಗೆ ಎಂತದೂ ಕಾಣುವುದಿಲ್ಲ." ನಾನು ತಾಯಿಯ ಕಡೆ ತಿರುಗಿ ಕೇಳಿದೆ, "ನನ್ನನ್ನು ನೋಡಿ ಅಮ್ಮ, ಎಂತ ಕಾಣ್ತದೆ?" ಅವರು ಸ್ವಲ್ಪ ಹೊತ್ತು ನೋಡಿ, "ನಿಮ್ಮ ಮುಖ ಇಲ್ಲ. ಕಿವಿಯ ಓಲೆ ಉಂಟು" ಎಂದರು.

ಮ್ಯಾಕ್ಯುಲಾ, ಅಂದರೆ ಕಣ್ಣಿನ ಒಳಪರದೆಯ ನಡುಭಾಗ, ಸವೆದವರಿಗೆ ಹೀಗೇ ಆಗುತ್ತದೆ. ನೋಟದ ನಡುಭಾಗ ಅಳಿಸಿಹೋಗಿ ಅಂಚು ಉಳಿಯುತ್ತದೆ. ಎದುರು ಬಂದ ನೆಂಟರ ಗುರುತು ಸಿಗುವುದಿಲ್ಲ, ಆದರೆ ಕಾಲ ಬಳಿ ಬಿದ್ದ ಪಿನ್ನು ಹೆಕ್ಕುತ್ತಾರೆ. ಆ ಮನೆಯಲ್ಲಿ ಇದಕ್ಕೆ 'ನಾಟಕ' ಎಂಬ ಹೆಸರೂ ಬಿದ್ದಿತ್ತಂತೆ. ನನಗೆ ತಡೆಯಲಾಗದ ಮಾತೆಂದರೆ ಇದೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕೂಡ ಕುರುಡು ಬೇರೆ, ಮಂದದೃಷ್ಟಿ ಬೇರೆ ಎಂದು ಬಿಡಿಸಿ ಹೇಳುತ್ತದೆ. ಕನ್ನಡಕ ಹಾಕಿದ ಮೇಲೂ ಒಳ್ಳೆಯ ಕಣ್ಣಿನಲ್ಲಿ 6/18ಕ್ಕಿಂತ ಕಡಿಮೆಯಾಗಿ 3/60ರವರೆಗೆ ಇದ್ದರೆ ಮಂದದೃಷ್ಟಿ. 3/60 ಎಂದರೆ ಬೇರೆಯವರಿಗೆ 60 ಮೀಟರಿನಿಂದ ಕಾಣುವ ಅಕ್ಷರ ಇವರಿಗೆ 3 ಮೀಟರಿಗೆ ಬಂದರೆ ಕಾಣುತ್ತದೆ. ಅಷ್ಟು ನೋಟದಲ್ಲಿ ಎಷ್ಟೋ ಕೆಲಸ ಮಾಡಬಹುದು.

ಮಗನಿಗೆ ತಾಯಿ ಟಿವಿ ನೋಡಿಕೊಂಡು ಇದ್ದರೆ ಸಾಕಿತ್ತು. ತಾಯಿಗೆ ತೆಂಗಿನಕಾಯಿ ತುರಿಯಬೇಕಿತ್ತು. ಕೈ ಕೊಯ್ದುಕೊಂಡಾರೆಂದು ಮೆಟ್ಟುಕತ್ತಿಯನ್ನು, ಅಂದರೆ ಈಳಿಗೆ ಮಣೆಯನ್ನು, ಅಟ್ಟಕ್ಕೆ ಹಾಕಿದ್ದರು. ನಾನು ಅದನ್ನು ಇಳಿಸಿಸಿದೆ. ಮೆಟ್ಟುಕತ್ತಿ ನನಗೆ ತುಂಬಾ ಹಿಡಿಸುವ ಸಾಧನ: ಅಲಗು ಇದ್ದಲ್ಲೇ ಇರುತ್ತದೆ, ಚಲಿಸುವುದು ಕೈ ಮಾತ್ರ, ಅದು ಎಲ್ಲಿದೆಯೆಂದು ಮೈಗೆ ಗೊತ್ತಿರುತ್ತದೆ. ಸೀಳಿದ ನೀರಿನ ಪೈಪಿನ ತುಂಡನ್ನು ಅಲಗಿಗೆ ತೊಡಿಸಿ, ತುರಿಯುವ ಹಲ್ಲನ್ನಷ್ಟೇ ಬಿಟ್ಟೆವು. ದೀಪ ಎಡಭುಜದ ಹಿಂದಿನಿಂದ ಬೀಳುವಂತೆ ಮಣೆ ತಿರುಗಿಸಿದೆವು. ನೇರ ಹಲ್ಲನ್ನೇ ನೋಡಿದರೆ ಹಲ್ಲು ಮಾಯ, ಒಂದಿಷ್ಟು ಮೇಲೆ ನೋಡಿದರೆ ಕಾಣುತ್ತದೆ. ಆ ಜಾಗ ಹುಡುಕುವುದಕ್ಕೇ ಅವರಿಗೆ ವಾರಗಳು ಹಿಡಿದವು. ಗೆರಟೆಯ ಕಂದಿನ ಎದುರು ಕಾಯಿಯ ಬಿಳಿ ಚೆನ್ನಾಗಿ ಕಾಣುತ್ತದೆ. ಬಿಳಿ ಮುಗಿದದ್ದು ಗೊತ್ತಾಗದಿದ್ದರೆ ಹೆಬ್ಬೆರಳಿಗೆ ಗೊತ್ತಾಗುತ್ತದೆ. ಮನೆಯ ಸಾರಿಗೆ ಈಗ ಕಾಯಿ ಅವರದ್ದೇ.

ನನ್ನನ್ನು ಬೇರೆ ಏನಾದರೂ ಕೇಳುವುದಿದ್ದರೆ ಇದನ್ನು ಕೇಳಿ: "ಮನೆಯವರು ನಾವು ಎಂತದನ್ನು ನಿಲ್ಲಿಸಬೇಕು?" ಇದಕ್ಕೆ ನಾನು ಗಂಟೆಗಟ್ಟಲೆ ಉತ್ತರ ಕೊಟ್ಟೇನು. ರಟ್ಟೆ ಹಿಡಿದು ಎಳೆಯುವುದನ್ನು ನಿಲ್ಲಿಸಿ. ಅವರು ನಿಮ್ಮ ಮೊಣಕೈ ಹಿಡಿಯಲಿ, ನೀವು ಅರ್ಧ ಹೆಜ್ಜೆ ಮುಂದೆ ನಡೆಯಿರಿ. "ಅಗೋ ಅಲ್ಲಿ ಉಂಟು" ಎನ್ನಬೇಡಿ, "ನಿಮ್ಮ ಬಲಗೈ ಪಕ್ಕ ಲೋಟ ಉಂಟು" ಎನ್ನಿ. ಹೇಳದೆ ಕುರ್ಚಿ ಸರಿಸಬೇಡಿ. ಹೊಳೆಯುವ ಸ್ಟೀಲ್ ಬಟ್ಟಲಿನಲ್ಲಿ ಬೆಳ್ತಿಗೆಯ ಬಿಳಿ ಅನ್ನ ಹಾಕಿ "ಚೆಲ್ಲಬೇಡಿ" ಎಂದು ಗದರಬೇಡಿ. ಅದೇ ಅನ್ನ ಬಾಳೆಎಲೆಯ ಹಸಿರಿನ ಮೇಲೆ ಸ್ಪಷ್ಟ ಕಾಣುತ್ತದೆ. ಅಂಗಳದ ಮೆಟ್ಟಿಲ ಅಂಚಿಗೆ ಹಳದಿ ಬಣ್ಣ ಬಳಿಯಿರಿ, ಮಳೆಗಾಲದಲ್ಲಿ ಪಾಚಿ ಉಜ್ಜಿ.

ಬ್ರೈಲ್ ಕಲಿಸಿ ಎಂದು ಬರುವವರೂ ಇದ್ದಾರೆ. ಮಕ್ಕಳಿಗೆ ಅದು ಬೇಕೇ ಬೇಕು, ಆ ಆರು ಚುಕ್ಕಿಯಲ್ಲೇ ಅಕ್ಷರವಿದೆ. ಆದರೆ ವರ್ಷಗಟ್ಟಲೆ ಸಕ್ಕರೆ ಕಾಯಿಲೆಯಿದ್ದು ಕಣ್ಣು ಕುಂದಿದವರಲ್ಲಿ ಬೆರಳ ತುದಿಯೂ ಮರಗಟ್ಟಿರಬಹುದು, ಚುಕ್ಕಿ ತಿಳಿಯುವುದಿಲ್ಲ. ಅಂಥವರಿಗೆ ಮಾತಾಡುವ ಫೋನು, ಬೆಳಿಗ್ಗೆಯ ಮಾತ್ರೆ ಡಬ್ಬಿಗೆ ಒಂದು ದಪ್ಪ ರಬ್ಬರ್, ರಾತ್ರಿಯದಕ್ಕೆ ಎರಡು. ನೋಟಿನಲ್ಲೂ ಹಾಗೇ. ಈಗಿನ 100, 200, 500ರ ನೋಟುಗಳ ಅಗಲ ಒಂದೇ, ಉದ್ದದಲ್ಲಿ ಒಂದರಿಂದೊಂದಕ್ಕೆ 4 ಮಿಲಿಮೀಟರ್ ವ್ಯತ್ಯಾಸ. ಗಡಿಬಿಡಿಯ ಮೀನು ಮಾರ್ಕೆಟಿನಲ್ಲಿ ಅದನ್ನು ಅಳೆಯುವುದು ಯಾರಿಂದ ಸಾಧ್ಯ? 500ನ್ನು ನಾಲ್ಕು ಮಡಿಕೆ, 200ನ್ನು ಎರಡು, 100ನ್ನು ಮಡಿಸದೆ ಇಡಿ ಎಂದು ಮನೆಯಲ್ಲೇ ಅಭ್ಯಾಸ ಮಾಡಿಸುತ್ತೇನೆ. ರಿಸರ್ವ್ ಬ್ಯಾಂಕಿನ 'ಮಣಿ' ಆ್ಯಪ್ 2020ರಿಂದ ಉಂಟು, ಕ್ಯಾಮೆರಾ ಹಿಡಿದರೆ ನೋಟಿನ ಬೆಲೆ ಹೇಳುತ್ತದೆ.

ಮನೆಗೆ ಬರುತ್ತೀರಾ ಎಂದೂ ಕೇಳಿ, ಬರುತ್ತೇನೆ. ನಮ್ಮ ಕೋಣೆಯ ಟ್ಯೂಬ್‌ಲೈಟಿನಲ್ಲಿ ಚೆನ್ನಾಗಿ ಚಾ ಸೋಸಿದವರು ತಮ್ಮ ಅಡುಗೆಮನೆಯಲ್ಲಿ ತಡವರಿಸುತ್ತಾರೆ. ಆಟಿ ತಿಂಗಳ ಮಳೆಮೋಡ ಕವಿದು ಮಧ್ಯಾಹ್ನವೇ ಕತ್ತಲಾದ, ಕರೆಂಟೂ ಹೋದ ಹೊತ್ತಿಗೆ ಕರೆಯಿರಿ. ಒಲೆಯ ಹತ್ತಿರ ಯಾವ ದೀಪ ಬೇಕು, ಎಷ್ಟು ಎತ್ತರಕ್ಕೆ ಬೇಕು ಎಂಬುದು ಆಗಲೇ ಸರಿಯಾಗಿ ಗೊತ್ತಾಗುವುದು.