ಗೋಜೋಗೆ ಹೋದರೆ ರಾತ್ರಿ ಅಲ್ಲೇ ಉಳಿಯಿರಿ

ಯುರೋಪಿನ ಪುಟ್ಟ ದ್ವೀಪದೇಶ ಮಾಲ್ಟಾಗೆ ಹೋಗುವವರು ಪಕ್ಕದ ಗೋಜೋ ದ್ವೀಪವನ್ನು ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರುವ ಜಾಗ ಅಂದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸಂಜೆ ಆ ಜನವೆಲ್ಲ ದೋಣಿ ಹತ್ತಿದ ಮೇಲೇ ಊರು ತಣ್ಣಗಾಗೋದು. ನಾವು ನಾಲ್ಕು ರಾತ್ರಿ ಹಳ್ಳಿಯ ಹಳೇ ಕಲ್ಲಿನ ಮನೆಯೊಂದರಲ್ಲಿ ಇದ್ದೆವು. ಇನ್ನೂ ಇರಬಹುದಿತ್ತು.

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಬೇಕು. ಮಾಲ್ಟಾ ವಿಮಾನ ನಿಲ್ದಾಣದಿಂದ ಬಸ್ಸಿನಲ್ಲಿ ಚಿರ್ಕೆವ್ವಾ ಬಂದರಿಗೆ ಬನ್ನಿ. ಅಲ್ಲಿಂದ ದೊಡ್ಡ ಫೆರಿಯಲ್ಲಿ 25 ನಿಮಿಷ. ಹೋಗುವಾಗ ಟಿಕೆಟ್ ಕೇಳೋದಿಲ್ಲ, ವಾಪಸ್ ಬರುವಾಗ ದುಡ್ಡು ಕೊಟ್ಟರೆ ಸಾಕು. ಇಂಗ್ಲಿಷ್ ಎಲ್ಲರಿಗೂ ಬರುತ್ತೆ, ವಾಹನಗಳು ನಮ್ಮಂತೆ ಎಡಗಡೆ ಓಡುತ್ತವೆ.

ದ್ವೀಪದ ವಿಸ್ತೀರ್ಣ ಬರೀ 67 ಚದರ ಕಿಲೋಮೀಟರ್. ಆದರೂ ಬಸ್ ನಂಬಿಕೊಂಡರೆ ಸಮಯ ಜಾಸ್ತಿ ಹಿಡಿಯುತ್ತೆ. ಹೆಚ್ಚಿನ ಬಸ್ಸುಗಳು ನಡುವಿನ ವಿಕ್ಟೋರಿಯಾ ಪೇಟೆಯಿಂದಲೇ ಹೊರಡೋದು. ಪಕ್ಕದೂರಿಗೆ ಹೋಗಲೂ ಅಲ್ಲಿಗೆ ಬಂದು ಬಸ್ ಬದಲಿಸಬೇಕು. ಹಾಗಾಗಿ ಉಳಿಯುವ ಮನೆ ವಿಕ್ಟೋರಿಯಾಗೆ ಹತ್ತಿರ ಇರಲಿ.

ನನಗೆ ತುಂಬಾ ಹಿಡಿಸಿದ್ದು ಮಾರ್ಸಲ್‌ಫೋರ್ನ್ ಅನ್ನುವ ಕಡಲತೀರದ ಊರಿನ ಆಚೆಯ ಉಪ್ಪಿನ ಮಡಿಗಳು. ಕಡಲಂಚಿನ ಸುಣ್ಣಕಲ್ಲಿನ ಬಂಡೆಯಲ್ಲೇ ಸಾಲು ಸಾಲು ಚೌಕ ಗುಂಡಿ ಕೊರೆದಿದ್ದಾರೆ. ಬೇಸಿಗೆಯಲ್ಲಿ ಗುಂಡಿಯೊಳಗಿನ ಕಡಲ ನೀರು ಆರಿದಂತೆ ಅಂಚಿನಲ್ಲಿ ಮೊದಲು ತೆಳುವಾದ ಬಿಳಿ ಗೆರೆ ಕೂರುತ್ತದೆ, ಆಮೇಲೆ ಗುಂಡಿಯ ತಳವೇ ಬೆಳ್ಳಗಾಗುತ್ತದೆ. ಆ ಉಪ್ಪನ್ನು ಗುಡಿಸಿ ಗುಡ್ಡೆ ಹಾಕುತ್ತಾರೆ. ಈಗಲೂ ಕೆಲವು ಮನೆತನಗಳ ಬದುಕು ಇದು, ಮಡಿಗಳೊಳಗೆ ಕಾಲಿಡಬೇಡಿ. ಸಂಜೆ ಹೋಗಿ, ನಡುಹಗಲಲ್ಲಿ ಬಿಸಿಲು ಕಲ್ಲಿಗೆ ಬಡಿದು ಕಣ್ಣು ಬಿಡಲಾಗುವುದಿಲ್ಲ.

ಜಿಗಾಂತಿಯಾ ದೇವಾಲಯಗಳನ್ನು ಬಿಡಬೇಡಿ. 5,000 ವರ್ಷಕ್ಕೂ ಹಳೆಯವು, ಈಜಿಪ್ಟಿನ ಪಿರಮಿಡ್‌ಗಳಿಗಿಂತ ಮೊದಲಿನವು. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ. ಕಡಲ ಮೇಲಿನ ಕಲ್ಲಿನ ಕಮಾನು ‘ಅಜ್ಯೂರ್ ವಿಂಡೋ’ದ ಹಳೇ ಫೋಟೋ ನೋಡಿ ಆಸೆಪಟ್ಟುಕೊಳ್ಳಬೇಡಿ, ಅದು 2017ರ ಮಾರ್ಚ್‌ನಲ್ಲಿ ಕುಸಿದುಹೋಯಿತು. ಈಜಲು ರಾಮ್ಲಾದ ಕೆಂಪು ಮರಳಿನ ಕಡಲತೀರ ಚೆನ್ನ.

ಸಸ್ಯಾಹಾರಿಗಳಿಗೆ ಬಟಾಣಿ ಇಲ್ಲವೇ ರಿಕೋಟಾ ಚೀಸ್ ತುಂಬಿದ ಪಸ್ತಿತ್ಸಿ ಅನ್ನುವ ತಿಂಡಿ ಸಿಗುತ್ತೆ, ಪದರ ಪದರವಾಗಿ ಗರಿಗರಿಯಾಗಿರುತ್ತೆ. ಹಿಟ್ಟಿಗೆ ಪ್ರಾಣಿಯ ಕೊಬ್ಬು ಹಾಕಿದ್ದಾರಾ ಅಂತ ಒಮ್ಮೆ ಕೇಳಿಬಿಡಿ. ಫ್ತೀರಾ ರೊಟ್ಟಿಯಲ್ಲಿ ಟ್ಯೂನಾ ಮೀನು ಇರೋದು ಸಾಮಾನ್ಯ, ಅದನ್ನೂ ವಿಚಾರಿಸಿ.

ಮೇ, ಜೂನ್ ಮೊದಲ ವಾರಗಳು ಅಥವಾ ಸೆಪ್ಟೆಂಬರ್ ಕೊನೆ ಒಳ್ಳೇ ಸಮಯ. ಆಗಸ್ಟ್ 15ರ ಆಸುಪಾಸು ಬೇಡ. ಅಂದು ವಿಕ್ಟೋರಿಯಾದಲ್ಲಿ ಸಾಂತಾ ಮರಿಯಾ ಹಬ್ಬ, ಮಾಲ್ಟಾದ ಅರ್ಧ ಜನ ಇಲ್ಲೇ ಬಂದಂತಿರುತ್ತೆ. ವಾಪಸ್ ಹೊರಡುವ ದಿನ ಭಾನುವಾರ ಸಂಜೆ ಬೀಳದಂತೆ ನೋಡಿಕೊಳ್ಳಿ, ಫೆರಿಗೆ ಕಾರುಗಳ ಸಾಲು ಉದ್ದ ಇರುತ್ತೆ.